ಸದ್ದಿಲ್ಲದ ದಿಬ್ಬಣ

ವೇರ್ಸಿಯ ಗಂಟಲಿನ ಸುದ್ದಿ ಅಬಡಾಸಾ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವನು ಖಾರೋಡಿಯ ಹುಲ್ಲುಗಾವಲಿನಲ್ಲಿ ನಿಂತು ಕುರಿ ಕರೆದರೆ, ಅಲ್ಲೆಲ್ಲೋ ಲಖ್‌ಪತ್ ಕೋಟೆಯ ಹತ್ತಿರ ಮೇಯುತ್ತಿದ್ದ ಬೇರೆಯವರ ಕುರಿಗಳೂ ತಲೆಯೆತ್ತಿ, ನಮ್ಮನ್ನೇ ಕರೆದದ್ದಾ ಅಂತ ಒಂದರ ಮುಖ ಒಂದು ನೋಡಿಕೊಳ್ಳುತ್ತಿದ್ದವು. ಒಮ್ಮೆ ಅವನು ಸೀನಿದ್ದಕ್ಕೆ ಜಖೌ ಬಂದರಿನ ಮೀನುಗಾರರು ಬಿರುಗಾಳಿ ಬಂತೆಂದು ದೋಣಿಗಳನ್ನೆಲ್ಲ ದಡಕ್ಕೆ ಎಳೆದುಕೊಂಡಿದ್ದರು. ಇದರಲ್ಲಿ ಅರ್ಧ ಸುಳ್ಳು ಅಂತಲೇ ಇಟ್ಟುಕೊಳ್ಳಿ. ಉಳಿದರ್ಧಕ್ಕೇ ಕಿವಿ ಗುಂಯ್ ಅನ್ನುತ್ತದೆ.

ಇಂಥ ವೇರ್ಸಿಗೆ ಒಬ್ಬಳು ಹುಡುಗಿ ಬಾಯಿ ಮುಚ್ಚು ಅಂದಳು. ಅವನು ಮುಚ್ಚಿದ. ಹೇಗೆ ಮುಚ್ಚಿದ ಅನ್ನುವುದೇ ಸ್ವಾರಸ್ಯ.

ಮೊದಲ ಮಳೆ ಬಿದ್ದು ಹುಲ್ಲು ಮೊಣಕಾಲಿಗೆ ಬಂದಿತ್ತು. ಸಮುದ್ರದ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು. ವೇರ್ಸಿ ತನ್ನ ಕುರಿಗಳನ್ನು ಹೊಡೆದುಕೊಂಡು, ಎದೆ ಬಿರಿಯುವಂತೆ ಹಾಡಿಕೊಂಡು ದಿಬ್ಬ ಹತ್ತುತ್ತಿದ್ದ. ಹಾಡಿನ ಎರಡನೆಯ ಸಾಲಿಗೆ ಬಂದಿದ್ದನಷ್ಟೇ, ಹಸಿಮಣ್ಣಿನ ಹೆಂಟೆಯೊಂದು ಎಲ್ಲಿಂದಲೋ ಹಾರಿ ಬಂದು ಅವನ ಪೇಟಕ್ಕೆ ಪಚಕ್ಕನೆ ಬಡಿಯಿತು.

ಮುಳ್ಳುಪೊದೆಯ ಹಿಂದಿನಿಂದ ಹುಡುಗಿಯೊಬ್ಬಳು ಎದ್ದಳು. ಮೈತುಂಬ ಕರಿಕಂಬಳಿ, ಕಿವಿಯಲ್ಲಿ ಬೆಳ್ಳಿ, ಕಾಲಲ್ಲಿ ಕಡಗ. ಕಡಗ ಸದ್ದು ಮಾಡಬಾರದೆಂದು ಅದಕ್ಕೆ ಉಣ್ಣೆದಾರ ಸುತ್ತಿದ್ದಳು. ಕಣ್ಣಂತೂ ಬೆಂಕಿ ಕಾರುತ್ತಿತ್ತು.

"ಬಾಯ್ ಮುಚ್ಚು," ಅಂದಳು. ಆದರೆ ಬಂದದ್ದು ಉಸಿರಿನಷ್ಟು ಸಣ್ಣ ದನಿ.

ವೇರ್ಸಿಗೆ ಕರುಳು ಚುರುಕ್ಕೆಂದಿತು. "ಅಯ್ಯೋ ಪಾಪ! ಗಂಟ್ಲು ಕಟ್ಬಿಟ್ಟಿದ್ಯಾ ನಿಂಗೆ?" ಅಂತ ದಿಬ್ಬವೆಲ್ಲ ನಡುಗುವಂತೆ ಕೇಳಿದ.

ಹುಡುಗಿ ಎರಡೂ ಕೈ ತಲೆ ಮೇಲಿಟ್ಟುಕೊಂಡಳು. ಆಮೇಲೆ ಅದೇ ಕೈಗಳಲ್ಲಿ ಅವನನ್ನೂ ಅವನ ಕುರಿಗಳನ್ನೂ ಬಂದ ದಾರಿಗೇ ತಳ್ಳಿದಳು. ವೇರ್ಸಿ ಇಳಿದು ಹೋದ. ಹೋಗುವಾಗ ತಿರುಗಿ ತಿರುಗಿ ನೋಡಿದ. ಎಂಥ ಚೆಂದದ ಹುಡುಗಿಗೆ ಎಂಥ ಗಂಟಲು ಕೊಟ್ಟನಪ್ಪ ದೇವರು ಅಂತ ದಾರಿಯುದ್ದಕ್ಕೂ ಮರುಗಿದ.

ಮಾರನೆಯ ದಿನ ಬೆಳಿಗ್ಗೆ ಕುರಿಗಳನ್ನು ಕೆಳಗೇ ಬಿಟ್ಟು ಅವನೊಬ್ಬನೇ ಬಂದ. ಕೈಯಲ್ಲಿ ಚೊಂಬು. ಅದರಲ್ಲಿ ಬಿಸಿಬಿಸಿ ಒಂಟೆಹಾಲು, ಅದಕ್ಕೆ ಅರಿಶಿನ, ಮೆಣಸು, ಬೆಲ್ಲ.

"ಕುಡಿ," ಅಂದ. "ನಮ್ಮ ಹಮೀರ್ ಕಾಕಾ ಇದನ್ನ ಕುಡಿದು ಸತ್ತೋಗಿದ್ದ ಗಂಟ್ಲನ್ನ ವಾಪಸ್ ತಂದ್ಕೊಂಡಿದಾನೆ. ಈಗ ಅವನ ಬಾಯಿ ಮುಚ್ಸೋಕೇ ಔಷಧಿ ಹುಡುಕ್ತಾ ಇದೀವಿ."

ಅವಳು ಚೊಂಬನ್ನು ನೋಡಿದಳು, ಅವನನ್ನು ನೋಡಿದಳು. ಕಂಬಳಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಭುಜ ಕುಲುಕತೊಡಗಿತು, ಕಣ್ಣಲ್ಲಿ ನೀರು ಬಂತು, ಅಲ್ಲೇ ಕುಸಿದು ಕೂತಳು. ಒಂದು ಹನಿ ಸದ್ದಿಲ್ಲದೆ ಮನುಷ್ಯರು ಅಷ್ಟು ನಗಬಹುದೆಂದು ವೇರ್ಸಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನ ಎದೆಯೊಳಗೆ ಏನೋ ಒಂದು ಮಗುಚಿಕೊಂಡಿತು.

ಹಾಲನ್ನು ಮಾತ್ರ ಬಿಡದೆ ಪೂರ್ತಿ ಕುಡಿದಳು.

"ನನ್ನ ಗಂಟ್ಲು ಚೆನ್ನಾಗೇ ಇದೆ, ಪೆದ್ದಾ," ಅಂತ ಪಿಸುಗುಟ್ಟಿದಳು. "ಹಾಲೂ ಚೆನ್ನಾಗಿದೆ. ಈಗ ಹೊಟ್ಟೆ ಮೇಲೆ ಮಲಕ್ಕೋ."

"ಏನು?"

"ಮಲಕ್ಕೋ ಅಂದೆ. ಉಸಿರೂ ಬಿಡ್ಬೇಡ."

ವೇರ್ಸಿ ಹುಲ್ಲಿನಲ್ಲಿ ಬೋರಲು ಬಿದ್ದ. ಅವಳ ಬೆರಳು ತೋರಿಸಿದ ಕಡೆ ನೋಡಿದ. ಬರೀ ಮಣ್ಣು, ಬರೀ ಹುಲ್ಲು. ನೋಡುತ್ತ ನೋಡುತ್ತ ಆ ಮಣ್ಣಿನ ಬಣ್ಣವೇ ಒಂದು ಬೆನ್ನಾಯಿತು, ಬೆನ್ನಿಗೊಂದು ಬಿಳಿಯ ಕತ್ತು ಬಂತು, ಕತ್ತಿನ ಮೇಲೆ ಕರಿಯ ಟೋಪಿಯಿಟ್ಟಂಥ ತಲೆ. ಘೋರಾಡ್ ಹಕ್ಕಿ! ಎದ್ದು ನಿಂತರೆ ಕುರಿಯಷ್ಟೆತ್ತರ, ನಡೆದರೆ ಊರ ಮುಖಂಡನ ಗತ್ತು. ಅದು ಈಗ ಬರಿನೆಲದ ಮೇಲೆ ಕಾವು ಕೂತಿತ್ತು.

"ಒಂದೇ ಮೊಟ್ಟೆ," ಅಂದಳು ಅವಳು. "ವರ್ಷಕ್ಕೆ ಒಂದೇ ಇಡೋದು. ಗೂಡೂ ಇಲ್ಲ, ಮರೆಯೂ ಇಲ್ಲ. ನಮ್ಮೂರಿಗೆ ಬಾಣಂತನಕ್ಕೆ ಬಂದ ಮಗಳು ಇವ್ಳು. ಹೋದ್ವರ್ಷ ಯಾರದೋ ಕುರಿ ತುಳಿದ್ವು. ಅದರ ಹಿಂದಿನ್ವರ್ಷ ನಮ್ಮಕ್ಕನ ದಿಬ್ಬಣ ಹೋಯ್ತು ಇದೇ ದಾರೀಲಿ. ಡೋಲಿನ ಸದ್ದಿಗೆ ಇವಳು ಬೆದರಿ ಎದ್ದೋದ್ಳು. ವಾಪಸ್ ಬರೋಷ್ಟರಲ್ಲಿ ಕಾಗೆ ಕೆಲಸ ಮುಗಿಸಿತ್ತು. ಈ ಸಲ ಮರಿ ನಡೀಬೇಕು. ನಡ್ಸೇ ನಡಿಸ್ತೀನಿ."

"ನಿನ್ನ ಹೆಸ್ರು?" ಅಂದ ವೇರ್ಸಿ. ಅವನಿಗೇ ಆಶ್ಚರ್ಯ, ಜೀವನದಲ್ಲಿ ಮೊದಲ ಸಲ ಅವನ ಬಾಯಿಂದ ಪಿಸುಮಾತು ಬಂದಿತ್ತು.

"ಝಮ್ಕು."

ಪಿಸುಮಾತಿಗೆ ಒಂದು ಅನುಕೂಲವಿದೆ, ಕೇಳಿಸಬೇಕಾದರೆ ಹತ್ತಿರ ಕೂರಲೇಬೇಕು. ದಿನಕಳೆದಂತೆ ವೇರ್ಸಿಗೆ ಕಿವಿ ಮಂದವಾಗುತ್ತ ಬಂತು. "ಏನಂದೆ?" ಅಂತ ಅವನು ಒಂದು ಗೇಣು ಸರಿದರೆ, "ಏನೂ ಇಲ್ಲ" ಅಂತ ಅವಳು ಅರ್ಧ ಗೇಣು ಸರಿಯುತ್ತಿದ್ದಳು. ಲೆಕ್ಕ ನೀವೇ ಹಾಕಿಕೊಳ್ಳಿ.

ಝಮ್ಕುವಿನ ಅಜ್ಜಿ ಪೂಂಜಿ ಮಾ ಸಜ್ಜೆರೊಟ್ಟಿ, ಮಜ್ಜಿಗೆ ಹೊತ್ತು ಬರುತ್ತಿದ್ದಳು. ಮೊಮ್ಮಗಳ ಪಕ್ಕ ಬೋರಲು ಬಿದ್ದಿದ್ದ ಗಂಡಸನ್ನು ಕಂಡು ಮೊದಲ ದಿನವೇ ಕೇಳಿದಳು, "ಇದ್ಯಾವುದೇ ಈ ಇನ್ನೊಂದು ಹಕ್ಕಿ?"

"ಕುರಿ ಕಾಯೋನು ಮಾ. ಗಂಟ್ಲಿಗೆ ಹಾಲು ತಂದ್ಕೊಡ್ತಾನೆ."

ಪೂಂಜಿ ಮಾ ಅವನ ಕಡೆ ತಿರುಗಿ ಬೊಚ್ಚುಬಾಯಲ್ಲಿ ನಕ್ಕಳು. "ಇವಳ ಗಂಟ್ಲು ಏನಂತ ನಿಂಗೊತ್ತಿಲ್ಲ ಮಗಾ," ಅಂದಳು. ವೇರ್ಸಿ, ಪಾಪ ಏನೋ ಹಳೇ ಕಾಯಿಲೆ ಇರಬೇಕು, ನನ್ನೆದುರು ಮುಚ್ಚಿಟ್ಟಿದ್ದಾಳೆ ಅಂದುಕೊಂಡು ಮರುದಿನ ಹಾಲಿಗೆ ಇನ್ನೆರಡು ಮೆಣಸು ಹೆಚ್ಚಿಗೆ ಹಾಕಿದ.

ಒಂದು ದಿನ ದೂರದ ದಿಣ್ಣೆಯ ಮೇಲೆ ಗಂಡು ಘೋರಾಡ್ ಕಾಣಿಸಿತು. ಕತ್ತಿನ ಕೆಳಗಿನ ಬಿಳಿ ಚೀಲವನ್ನು ನೆಲಕ್ಕೆ ತಾಗುವಷ್ಟು ಉಬ್ಬಿಸಿ, ಬಾಲವನ್ನು ಬೆನ್ನ ಮೇಲೆ ಹರಡಿ, ಹೂಂ... ಹೂಂ... ಅಂತ ಸೀಮೆಗೆಲ್ಲ ಕೇಳುವಂತೆ ಹೂಂಕರಿಸುತ್ತಿತ್ತು.

"ನೋಡು, ನಿನ್ನ ಅಣ್ಣ," ಅಂದಳು ಝಮ್ಕು. "ಕೂಗಾಡೋದು ಅಷ್ಟೇ ಅವನ ಕೆಲ್ಸ. ಇವಳು ಇಲ್ಲಿ ಬಿಸ್ಲಲ್ಲಿ ಬೇಯ್ತಿರೋದು ಅವನಿಗೆ ಗೊತ್ತೇ ಇಲ್ಲ."

"ನಾನು ಹಂಗಲ್ಲ," ಅಂದ ವೇರ್ಸಿ. "ನಾನು ಕೂಗೋದೂ ಕೂಗ್ತೀನಿ, ಕಾವಲೂ ಕೂರ್ತೀನಿ."

ಝಮ್ಕು ಹಕ್ಕಿಯಿಂದ ಕಣ್ಣು ತೆಗೆದು ಅವನ ಮೇಲಿಟ್ಟಳು. ಎಷ್ಟು ಹೊತ್ತು ಇಟ್ಟಳೆಂದರೆ, ಅಷ್ಟರಲ್ಲಿ ವೇರ್ಸಿಯ ಕಿವಿ ಕೆಂಪಾಗಿ, ಆ ಕೆಂಪು ಪೇಟಕ್ಕೂ ಹತ್ತಿತು.

"ನಮ್ಮ ಬಾಪಾ ಸಂಜೆ ಮನೇಲೇ ಇರ್ತಾರೆ," ಅಂದಳು.

ಆ ಸಂಜೆಯೇ ಹಮೀರ್ ಕಾಕಾ ಹೊಸ ಜೋಡು ಮೆಟ್ಟಿಕೊಂಡು ಹೆಣ್ಣು ಕೇಳಲು ಹೋದ. ಝಮ್ಕುವಿನ ಅಪ್ಪ ಕರಮ್ಶಿ ಬಾಪಾ ಖಾರೋಡಿಯಲ್ಲಿ ಕುರಿ, ಒಂಟೆ ಸಾಕುವ ರಬಾರಿ ಕುಲದವರಿಗೆಲ್ಲ ಹಿರಿಯ. ಇಬ್ಬರೂ ತಟ್ಟೆಯಲ್ಲಿ ಚಹಾ ಸುರಿದುಕೊಂಡು ಸೊರ್ರೆಂದು ಹೀರಿದರು. ಮೂರನೆಯ ತಟ್ಟೆಗೆ ಮಾತು ಮುಗಿಯಿತು. "ಅಷ್ಟಮಿಗೆ ಮಾಡ್ಬಿಡೋಣ," ಅಂದ ಬಾಪಾ.

ಬೇರೆ ದಿನ ಮಾಡುವಂತೆಯೂ ಇರಲಿಲ್ಲ. ಆ ಕಡೆಯ ರಬಾರಿಗಳ ಮದುವೆಗಳೆಲ್ಲ ನಡೆಯುವುದು ವರ್ಷಕ್ಕೊಂದೇ ದಿನ, ಗೋಕುಲಾಷ್ಟಮಿಯಂದು. ಆ ದಿನ ತಪ್ಪಿತೋ, ಮತ್ತೆ ಮುಂದಿನ ವರ್ಷವೇ.

ಝಮ್ಕು ಸುದ್ದಿ ಕೇಳಿ ಮೊದಲು ಕೆಂಪಾದಳು. ಆಮೇಲೆ ಬೆರಳೆಣಿಸಿದಳು. ಆಮೇಲೆ ಬಿಳಿಚಿಕೊಂಡಳು.

"ಬಾಪಾ, ಅಷ್ಟಮಿಗೆ ಇನ್ನೂ ಮೊಟ್ಟೆ ಒಡೆದಿರಲ್ಲ."

"ಮದ್ವೆ ನಿಂದು ಕಣೇ, ಹಕ್ಕೀದಲ್ಲ."

"ಅವರ ಹಟ್ಟಿಯಿಂದ ಇಲ್ಲಿಗೆ ದಿಬ್ಬಣ ಬರೋಕೆ ಆ ದಿಬ್ಬ ಬಿಟ್ರೆ ಬೇರೆ ದಾರಿ ಎಲ್ಲಿದೆ? ಎರಡೂ ಕಡೆ ಕೆಸರು. ಒಂಟೆ ಕಾಲಿಟ್ರೆ ಹೊಟ್ಟೆವರೆಗೂ ಹೂತೋಗತ್ತೆ. ಡೋಲು ಹೊಡ್ಕೊಂಡು ಅವಳ ತಲೆ ಮೇಲೇ ಬರ್ತಾರೆ. ನಾನು ಮಂಟಪಕ್ಕೆ ಬರಲ್ಲ ಬಾಪಾ. ಮುಂದಿನ ಅಷ್ಟಮಿಗೆ ನೋಡೋಣ."

ಕರಮ್ಶಿ ಬಾಪಾ ಮೀಸೆ ಸವರಿಕೊಂಡ. ಕೋಪಕ್ಕಿಂತ ಸಂಕಟ ಜಾಸ್ತಿಯಿತ್ತು. "ಮಳೆ ಮುಗಿದ್ರೆ ಆ ಹುಡುಗನ ಕಡೆಯೋರು ಕುರಿ ಹೊಡ್ಕೊಂಡು ನರ್ಮದೆ ದಾಟಿ ಹೋಗ್ತಾರಮ್ಮ. ಒಂದು ಸಲ ಹೋದ್ರೆ ಹುಲ್ಲು ಸಿಕ್ಕಿದ ಕಡೆ ವರ್ಷಗಟ್ಟಲೆ ಇದ್ಬಿಡ್ತಾರೆ. ಇಲ್ಲಿಗೆ ಮತ್ತೆ ಯಾವಾಗ ಬರ್ತಾರೋ, ಬಂದ್ರೂ ಅವನು ಒಬ್ನೇ ಬರ್ತಾನೋ, ಯಾರು ಕಂಡ್ರು?"

ಮರುದಿನ ದಿಬ್ಬದ ಮೇಲೆ ಝಮ್ಕು ಇದನ್ನೆಲ್ಲ ಹೇಳುವಾಗ ಅವಳ ಪಿಸುಮಾತು ಎರಡು ಕಡೆ ಮುರಿಯಿತು. ವೇರ್ಸಿ ಹಕ್ಕಿಯನ್ನು ನೋಡಿದ. ಅದು ಕಣ್ಣು ಮುಚ್ಚದೆ, ಕತ್ತು ತಗ್ಗಿಸಿ, ಬಿಸಿಲಿಗೆ ರೆಕ್ಕೆ ಸಡಿಲಿಸಿ ಕೂತೇ ಇತ್ತು.

"ಇವಳಿಗೆ ದಿಬ್ಬಣದ ಮೇಲೆ ಸಿಟ್ಟಾ, ಸದ್ದಿನ ಮೇಲಾ?" ಅಂತ ಕೇಳಿದ.

"ಸದ್ದಿನ ಮೇಲೆ. ಕುರಿ, ಒಂಟೆ, ಜನ ಸುಮ್ನೆ ನಡ್ಕೊಂಡು ಹೋದ್ರೆ ಅವಳಿಗೇನಿಲ್ಲ. ದಿನಾ ನೋಡಿರ್ತಾಳೆ."

"ಹಂಗಾದ್ರೆ ಸುಮ್ನೆ ಬರ್ತೀವಿ," ಅಂದ ವೇರ್ಸಿ.

ಬನ್ನಿಮರದ ಕೆಳಗೆ ಎರಡೂ ಕಡೆಯ ಹಿರಿಯರು ಸೇರಿದ್ದಾಗ ಅವನು ಎದ್ದು ನಿಂತು ಹೇಳಿದ. "ಮೊಬೈಲನ್ನ ಸೈಲೆಂಟಲ್ಲಿ ಇಡ್ತೀವಲ್ಲ, ಹಂಗೇ ದಿಬ್ಬಣಾನೂ ಸೈಲೆಂಟಲ್ಲಿ ಇಡೋಣ. ಡೋಲಿಲ್ಲ, ಹಾಡಿಲ್ಲ, ಗಂಟೆಯಿಲ್ಲ."

ಕೇಳಿದವರು ಎಷ್ಟು ನಕ್ಕರೆಂದರೆ ಬನ್ನಿಮರದಿಂದ ಗಿಳಿಗಳೆಲ್ಲ ಎದ್ದುಹೋದವು.

ಡೋಲು ಬಾರಿಸುವ ಇಸ್ಮಾಯಿಲ್ ಲಂಗಾ ಮಾತ್ರ ನಗಲಿಲ್ಲ. "ಡೋಲಿಲ್ದೆ ಮದ್ವೇನಾ?" ಅಂದ. "ಸಾವಿನ ಮನೇಲಾದ್ರೂ ನಾಲ್ಕು ಜನ ಅಳ್ತಾರೆ! ನಿಮ್ಮಪ್ಪನ ಮದ್ವೆಗೆ ಬಾರಿಸಿದ್ದು ನಮ್ಮಪ್ಪ. ನಾನು ಸುಮ್ನೆ ಬಂದು ಸುಮ್ನೆ ಉಂಡು ಹೋಗ್ಲಾ?"

ಹಮೀರ್ ಕಾಕಾ ಕಣ್ಣೊರೆಸಿಕೊಳ್ಳುತ್ತ ಅಂದ, "ಅಲ್ವೋ ವೇರ್ಸಿ, ಸುಮ್ನಿರ್ಬೇಕು ಅಂತ ಹೇಳೋನು ನೀನಾ? ನೀನು ಹುಟ್ಟಿದಾಗ ಅತ್ತಿದ್ದು ಇನ್ನೂ ನನ್ನ ಎಡಗಿವೀಲಿದೆ! ಒಂದು ಕೆಲ್ಸ ಮಾಡು. ಇವತ್ತಿಂದ ಅಷ್ಟಮಿವರೆಗೆ ನಿನ್ನ ಬಾಯಿಂದ ಒಂದು ಸೊಲ್ಲು ಬರಬಾರ್ದು. ಪಿಸುಮಾತೂ ಇಲ್ಲ. ನೀನು ಬಾಯ್ ಮುಚ್ಕೊಂಡಿದ್ರೆ ನಾವೂ ಡೋಲಿನ ಬಾಯಿ ಮುಚ್ತೀವಿ. ಏನಂತೀರಪ್ಪಾ?"

ಎಲ್ಲರೂ ಒಪ್ಪಿದರು. ಸೋಲುವುದು ಖಚಿತವಾಗಿದ್ದ ಪಂದ್ಯಕ್ಕೆ ಯಾರು ಒಪ್ಪುವುದಿಲ್ಲ?

ವೇರ್ಸಿ ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ತಲೆಯಾಡಿಸಿದ. ಅಲ್ಲಿಂದ ಶುರು.

ಅವನ ಕುರಿಗಳಿಗೆ ದಿಕ್ಕೇ ತೋಚಲಿಲ್ಲ. ಕೂಗು ಕೇಳದೆ ಅವು ಎರಡು ದಿನ ಮೇವು ಬಿಟ್ಟು ಅವನ ಬಾಯಿಯನ್ನೇ ನೋಡುತ್ತ ನಿಂತವು. ಅವನು ಕೆಂಪು ಪೇಟ ಬಿಚ್ಚಿ ಕೋಲಿಗೆ ಕಟ್ಟಿ ಬೀಸುವುದನ್ನು ಕಲಿತ ಮೇಲೆ ದಾರಿಗೆ ಬಂದವು. ಜನ ಅವನ ಬಾಯಿ ತೆರೆಸಲೆಂದೇ ಹಟ್ಟಿಗೆ ಬರತೊಡಗಿದರು. ಒಬ್ಬ ಬೆನ್ನ ಹಿಂದೆ ನಿಂತು ಹಾವು ಹಾವು ಅಂತ ಕಿರುಚಿದ. ಇನ್ನೊಬ್ಬ ಅವನ ಟಗರನ್ನು ಮೇಕೆ ಅಂದ. ಇದನ್ನು ಸಹಿಸುವುದು ಬಹಳ ಕಷ್ಟವಾಯಿತು. ಒಂದು ದಿನ ನಿಜವಾದ ಚೇಳೇ ಕಾಲಿನ ಹೆಬ್ಬೆರಳಿಗೆ ಕುಟುಕಿತು. ವೇರ್ಸಿ ಬಾಯಿಗೆ ಕಂಬಳಿ ತುರುಕಿಕೊಂಡು ಮೈದಾನದ ಸುತ್ತ ಓಡಿದ. ಎಷ್ಟು ಓಡಿದನೆಂದರೆ, ಅವನು ಓಡಿದ ಜಾಗದಲ್ಲಿ ಈಗಲೂ ಹುಲ್ಲು ಬೆಳೆಯುವುದಿಲ್ಲ. ಬೇಕಾದರೆ ಹೋಗಿ ನೋಡಿ.

ಆದರೆ ಚೇಳಿಗಿಂತ ಝಮ್ಕುವೇ ಹೆಚ್ಚು ಕಾಡಿದಳು.

"ನಾನು ಚೆನ್ನಾಗಿದೀನಾ?" ಅಂತ ಕಿವಿಯ ಹತ್ತಿರ ಬಂದು ಕೇಳುವಳು.

ವೇರ್ಸಿ ಜೋರಾಗಿ ತಲೆಯಾಡಿಸುವನು.

"ತಲೆ ಆಡ್ಸಿದ್ರೆ ಆಗಲ್ಲ. ಬಾಯ್ಬಿಟ್ಟು ಹೇಳು. ಹೇಳಲ್ವಾ? ಹಂಗಾದ್ರೆ ಚೆನ್ನಾಗಿಲ್ಲ ಅಂತಾಯ್ತು."

ವೇರ್ಸಿ ಎರಡೂ ಕೈಯಿಂದ ಆಕಾಶ ತೋರಿಸುವನು, ಎದೆ ತೋರಿಸುವನು, ಸಮುದ್ರ ತೋರಿಸುವನು.

"ಅಂದ್ರೆ? ಸಮುದ್ರದ ಥರ ಉಪ್ಪಾ?"

ಅವನು ಹಣೆ ಚಚ್ಚಿಕೊಳ್ಳುವನು. ಅವಳು ಕಂಬಳಿ ಕಚ್ಚಿ ಸದ್ದಿಲ್ಲದೆ ನಗುವಳು. ನಗು ಮುಗಿದ ಮೇಲೆ, ಚೇಳು ಕಚ್ಚಿದ ಅವನ ಕಾಲಿಗೆ ಯಾವುದೋ ಸೊಪ್ಪು ಅರೆದು ಕಟ್ಟುವಳು. ಕಟ್ಟಿದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇರುತ್ತಿತ್ತು. ವೇರ್ಸಿಗೆ ಆಗ, ಊರಲ್ಲಿರುವ ಚೇಳುಗಳೆಲ್ಲ ಬಂದು ಕಚ್ಚಬಾರದೇ ಅನ್ನಿಸುತ್ತಿತ್ತು.

ಅಷ್ಟಮಿಯ ಹಿಂದಿನ ದಿನ, ಸಾತಮ್ ಬಂತು. ಅಂದು ಒಲೆ ಹಚ್ಚುವಂತಿಲ್ಲ. ಹಿಂದಿನ ದಿನದ ತಣ್ಣನೆಯ ರೊಟ್ಟಿ ತಿನ್ನುತ್ತ ಹಮೀರ್ ಕಾಕಾ ಸೋತ ಮುಖದಲ್ಲಿ ಹೇಳಿದ, "ಈ ನನ್ಮಗ ನಿಜವಾಗ್ಲೂ ಬಾಯ್ ಮುಚ್ಕೊಂಡ್ಬಿಟ್ಟನಲ್ರೋ!"

ಅಷ್ಟಮಿಯ ಬೆಳಿಗ್ಗೆ ದಿಬ್ಬಣ ಹೊರಟಿತು. ಒಂಟೆಗಳ ಗಂಟೆಗೆಲ್ಲ ಉಣ್ಣೆ ತುರುಕಿದ್ದರು. ಹೆಂಗಸರು ಬಳೆಗಳ ಮೇಲೆ ಬಟ್ಟೆ ಸುತ್ತಿದ್ದರು. ಮಕ್ಕಳ ಬಾಯಿಗೆ ಒಂದೊಂದು ಬೆಲ್ಲದುಂಡೆ ಹಾಕಿದ್ದರು, ದಿಬ್ಬ ದಾಟುವವರೆಗೂ ಕರಗದಷ್ಟು ದೊಡ್ಡದು. ದೊಡ್ಡವರೂ ಒಂದೊಂದು ಕೇಳಿ ಹಾಕಿಕೊಂಡರು.

ಇಸ್ಮಾಯಿಲ್ ಲಂಗಾ ಬಂದೇ ಬಂದಿದ್ದ, ಕೊರಳಲ್ಲಿ ಡೋಲು ನೇತುಹಾಕಿಕೊಂಡು. ಎಲ್ಲರೂ ಅವನ ಕೈಯನ್ನೇ ನೋಡಿದರು. ಅವನು ದಿಬ್ಬಣದ ಮುಂದೆ ಹೋಗಿ ನಿಂತ, ಕೋಲು ಎತ್ತಿದ, ಜೋರಾಗಿ ಬೀಸಿದ. ಕೋಲು ಚರ್ಮದಿಂದ ಒಂದು ಬೆರಳಷ್ಟು ಮೇಲೆ ನಿಂತಿತು. ಮತ್ತೆ ಬೀಸಿದ, ಮತ್ತೆ ನಿಂತಿತು. ಹೀಗೆ ಗಾಳಿಯಲ್ಲೇ ಬಾರಿಸುತ್ತ ನಡೆದ. ಏನು ಕೈ, ಏನು ತಾಳ! ಕಣ್ಣಿದ್ದವರಿಗೆಲ್ಲ ಡೋಲು ಕೇಳಿಸಿತು. ಹೆಂಗಸರು ಬರಿಗಾಲಲ್ಲಿ ಸುತ್ತು ಕಟ್ಟಿ ಕುಣಿದರು. ಚಪ್ಪಾಳೆಗೆ ಬಂದ ಅಂಗೈಗಳು ಒಂದಕ್ಕೊಂದು ತಾಗುವ ಮುಂಚೆಯೇ ಹಿಂದೆ ಸರಿಯುತ್ತಿದ್ದವು. ಅಷ್ಟು ಜನ, ಅಷ್ಟು ಬಣ್ಣ, ಅಷ್ಟು ಕುಣಿತ, ಆದರೆ ಕೇಳುತ್ತಿದ್ದದ್ದು ಹುಲ್ಲಿನ ಸರಸರ ಮಾತ್ರ.

ವೇರ್ಸಿ ಒಂಟೆಯ ಮೇಲೆ ಕೂತು ದಿಬ್ಬದ ನೆತ್ತಿಗೆ ಬಂದ. ಅಲ್ಲಿಂದ ಹಕ್ಕಿ ಕಂಡಿತು. ಕತ್ತು ನೆಟ್ಟಗೆ ಮಾಡಿ ದಿಬ್ಬಣವನ್ನೇ ನೋಡುತ್ತಿತ್ತು. ಅದರಾಚೆ ಹುಲ್ಲಿನೊಳಗೆ ಇನ್ನೆರಡು ಕಣ್ಣು ಕಂಡವು. ಮಂಟಪದಲ್ಲಿ ಅಲಂಕಾರ ಮಾಡಿಸಿಕೊಂಡು ಕೂತಿರಬೇಕಾದ ಮದುಮಗಳು ಮೈತುಂಬ ಬೆಳ್ಳಿ ಹಾಕಿಕೊಂಡು ಬೋರಲು ಮಲಗಿದ್ದಳು! ಆ ಕಣ್ಣುಗಳು ಅವನನ್ನು ನೋಡಿ ನಕ್ಕವು.

ಅಷ್ಟರಲ್ಲೇ ಅವನ ಒಂಟೆಯ ಹೊಟ್ಟೆಯೊಳಗೆ ಗುಳುಗುಳು ಶುರುವಾಯಿತು. ಒಂಟೆ ಬಲ್ಲವರಿಗೆ ಗೊತ್ತು, ಆ ಗುಳುಗುಳು ಗಂಟಲಿಗೆ ಬಂದರೆ ಎಂಥ ಅರಚು ಅಂತ. ಹಕ್ಕಿ ಅರ್ಧ ಎದ್ದಿತು. ಅದರ ಹೊಟ್ಟೆಯ ಕೆಳಗೆ ಮೊಟ್ಟೆ ಮಿಣಕ್ಕೆಂದಿತು. ದಿಬ್ಬಣವೆಲ್ಲ ಕಲ್ಲಾಗಿ ನಿಂತಿತು. ಇಸ್ಮಾಯಿಲನ ಕೋಲು ಗಾಳಿಯಲ್ಲೇ ಉಳಿಯಿತು. ಮೇಲೆ ಒಂದು ಕಾಗೆ ಸುತ್ತು ಹಾಕಿತು.

ಬೆಲ್ಲವೆಲ್ಲ ಜನರ ಬಾಯಿ ಸೇರಿತ್ತು. ವೇರ್ಸಿಯ ಹತ್ತಿರ ಇದ್ದದ್ದು ತಲೆ ಮೇಲಿನ ಪೇಟವೊಂದೇ. ಅವನಮ್ಮ ಒಂದು ಬೇಸಿಗೆಯಿಡೀ ಕೂತು ಕನ್ನಡಿ ಚೂರು ಹೊಲಿದ ಮದುಮಗನ ಪೇಟ. ಅವನು ಯೋಚನೆ ಮಾಡಲಿಲ್ಲ. ಕಿತ್ತು, ಮುಂದಕ್ಕೆ ಬಗ್ಗಿ, ಒಂಟೆಯ ತೆರೆದ ಬಾಯಿಗೆ ಇಡೀ ಪೇಟ ತುರುಕಿದ.

ಒಂಟೆಗೆ ಆಶ್ಚರ್ಯವಾಯಿತು. ಒಂದು ಸಲ ಅಗಿಯಿತು. ರುಚಿ ಹಿಡಿಸಿತು. ಮತ್ತೆ ಅಗಿಯುತ್ತ ಮುಂದೆ ನಡೆಯಿತು.

ಹಕ್ಕಿ ನೋಡಿತು. ನಿಧಾನಕ್ಕೆ ಕೂತಿತು. ಕೊಕ್ಕಿನಿಂದ ಮೊಟ್ಟೆಯನ್ನು ಹೊಟ್ಟೆಯಡಿ ಸರಿಮಾಡಿಕೊಂಡಿತು.

ಮದುಮಗ ಬರಿತಲೆಯಲ್ಲಿ ಮಂಟಪಕ್ಕೆ ಬಂದ. ಪುರೋಹಿತ ಮಂತ್ರವನ್ನೂ ಪಿಸುಗುಟ್ಟಿದ. ದೇವರಿಗೆ ಕಿವಿ ಚುರುಕು, ಕೇಳಿಸಿರುತ್ತದೆ. ಕೊನೆಯ ಸುತ್ತು ಮುಗಿದಾಗ ಇಸ್ಮಾಯಿಲ್ ಕಣ್ಣು ತುಂಬಿಕೊಂಡು ಹೇಳಿದ, "ನನ್ನ ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಬಾರಿಸಿರ್ಲಿಲ್ಲ ಕಣ್ರೋ. ಒಬ್ಬನಿಗೂ ಕೇಳಿಸ್ಲಿಲ್ಲ!"

"ಗೆದ್ದೆ ಕಣೋ ವೇರ್ಸಿ!" ಅಂದ ಹಮೀರ್ ಕಾಕಾ. "ಇನ್ನು ಮಾತಾಡು."

ವೇರ್ಸಿ ಝಮ್ಕುವಿನ ಕಡೆ ನೋಡಿದ, ದಿಬ್ಬದ ಕಡೆ ಕೈ ತೋರಿಸಿದ, ತುಟಿಯ ಮೇಲೆ ಬೆರಳಿಟ್ಟುಕೊಂಡ. ಮರಿ ನಡೆಯುವವರೆಗೆ ಇಲ್ಲ. ಝಮ್ಕು ತಲೆ ತಗ್ಗಿಸಿದಳು. ಸೆರಗಿನೊಳಗೆ ಅವಳ ಮುಖ ಹೇಗಿತ್ತೆಂದು ವೇರ್ಸಿಗೆ ಮಾತ್ರ ಗೊತ್ತು.

ಕೆಲವು ದಿನದ ಮೇಲೆ, ಒಂದು ಮುಂಜಾನೆ, ಗಂಡಹೆಂಡಿರು ದಿಬ್ಬದ ಮೇಲೆ ಬೋರಲು ಮಲಗಿದ್ದಾಗ ಹಕ್ಕಿ ಎದ್ದು ನಿಂತಿತು. ಅದರ ಕಾಲ ನಡುವೆ ಮಣ್ಣುಬಣ್ಣದ ಉಂಡೆಯೊಂದು ಅಲ್ಲಾಡಿತು. ಉಂಡೆಗೆ ಕಾಲು ಬಂದವು. ಬಿತ್ತು, ಎದ್ದಿತು. ತಾಯಿ ಹಿಡಿದುಕೊಟ್ಟ ಮಿಡತೆಯನ್ನು ನುಂಗಿತು. ಆಮೇಲೆ ತಾಯಿಯ ಹಿಂದೆ ಅದೇ ಗತ್ತಿನಲ್ಲಿ ಹುಲ್ಲಿನೊಳಗೆ ನಡೆದುಹೋಯಿತು.

ಝಮ್ಕು ವೇರ್ಸಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಉಳಿಯಿತು. "ನಡೀತು," ಅಂತ ಪಿಸುಗುಟ್ಟಿದಳು. "ನಡೀತು ಕಣೋ. ಬಾ, ಇಲ್ಲಿ ಬೇಡ."

ಒಂಟೆ ಹತ್ತಿಸಿಕೊಂಡು ಹೋದಳು. ಹುಲ್ಲು ಮುಗಿಯಿತು, ಉಪ್ಪುನೆಲ ಮುಗಿಯಿತು. ಸಮುದ್ರ ಬಂತು. ಒಂದು ನರಪಿಳ್ಳೆಯಿಲ್ಲದ ದಡದಲ್ಲಿ ಇಳಿಸಿ, "ಈಗ ಕೂಗು," ಅಂದಳು.

ರಬಾರಿ ಗಂಡಸರು ಹೆಂಡತಿಯ ಹೆಸರನ್ನು ನಾಲ್ಕು ಜನರ ಎದುರು ಹೇಳುವುದಿಲ್ಲ. ವೇರ್ಸಿ ಸಮುದ್ರದ ಎದುರು ನಿಂತು, ಇಷ್ಟು ದಿನ ಕಟ್ಟಿಟ್ಟಿದ್ದ ಉಸಿರನ್ನೆಲ್ಲ ಎದೆಗೆ ತುಂಬಿಕೊಂಡು ಕೂಗಿದ.

"ಝಮ್ಕೂ...! ನೀನು ಚೆನ್ನಾಗಿದೀಯಾ...! ತುಂಬಾ ಚೆನ್ನಾಗಿದೀಯಾ...!"

ಅಲೆಗಳು ಎರಡು ಹೆಜ್ಜೆ ಹಿಂದೆ ಸರಿದವು. ದೂರದಲ್ಲಿ ಮೀನುಗಾರರು ದೋಣಿಯಲ್ಲಿ ಎದ್ದು ನಿಂತರು. ಕರಾಚಿಯಲ್ಲಿ ಯಾರೋ ಕಿಟಕಿ ತೆರೆದು ನೋಡಿದರಂತೆ. ವೇರ್ಸಿ ಎದೆಯುಬ್ಬಿಸಿ ತಿರುಗಿದ.

ಝಮ್ಕು ಕಾಲ ಕಡಗಕ್ಕೆ ಸುತ್ತಿದ್ದ ಉಣ್ಣೆದಾರ ಬಿಚ್ಚುತ್ತಿದ್ದಳು. ಬಿಚ್ಚಿ ಗಾಳಿಗೆ ಬಿಟ್ಟಳು. ಸೊಂಟಕ್ಕೆ ಕೈಯಿಟ್ಟುಕೊಂಡಳು. "ನಂಗೂ ಒಂದು ಹೇಳೋದಿತ್ತು," ಅಂದು ಬಾಯಿ ತೆರೆದಳು.

"ವೇರ್ಸೀ...!"

ದಡದಲ್ಲಿದ್ದ ರಾಜಹಂಸಗಳ ಹಿಂಡು ಒಮ್ಮೆಗೇ ಎದ್ದು ಆಕಾಶವೆಲ್ಲ ಗುಲಾಬಿಯಾಯಿತು. ಒಂಟೆ ನಾಲ್ಕೂ ಕಾಲು ಮಡಚಿ ಕೂತುಬಿಟ್ಟಿತು. ವೇರ್ಸಿಯ ತಲೆಯ ಮೇಲಿದ್ದ ಹೊಸ ಪೇಟ ಹಾರಿ ನೀರಿಗೆ ಬಿತ್ತು. ಖಾರೋಡಿಯಲ್ಲಿ ರೊಟ್ಟಿ ತಟ್ಟುತ್ತಿದ್ದ ಪೂಂಜಿ ಮಾ ಕೈ ನಿಲ್ಲಿಸಿ, "ಹಾಂ, ಇದು ನನ್ನ ಮೊಮ್ಮಗಳು," ಅಂದಳು.

ವೇರ್ಸಿ ಕಿವಿ ಮುಚ್ಚಿಕೊಂಡು, ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. ಒಂದು ಮಳೆಗಾಲವಿಡೀ ಇಂಥ ಗಂಟಲಿಗೆ ಅವನು ಮೆಣಸಿನ ಹಾಲು ಕುಡಿಸಿದ್ದ.

"ಏನೋ ಹಂಗೆ ನೋಡ್ತೀಯಾ?" ಅಂದಳು ಝಮ್ಕು. "ಮಾತಾಡು."

ವೇರ್ಸಿ ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಸುತ್ತಮುತ್ತ ಯಾವ ಮೊಟ್ಟೆಯೂ ಇರಲಿಲ್ಲ, ಯಾವ ಹಕ್ಕಿಯೂ ಕಾವು ಕೂತಿರಲಿಲ್ಲ. ಆದರೂ ಅವನು ಅವಳ ಕಿವಿಗೆ ಬಾಯಿಟ್ಟು ಪಿಸುಮಾತಿನಲ್ಲೇ ಹೇಳಿದ.

ಏನು ಹೇಳಿದ ಅಂತ ಮಾತ್ರ ನನಗೂ ಕೇಳಿಸಲಿಲ್ಲ.